ಹಿತ್ತಿಲಿನಿಂದ ಚಂದ್ರವೀಕ್ಷಣೆ: ತಿಥಿ, ಗಾಳಿ, ಮೋಡ

ಬೆಟ್ಟ, ಕುಳಿ, ಬಯಲುಗಳನ್ನು ಒಂದೊಂದಾಗಿ ಗುರುತಿಸುವಷ್ಟು ವಿವರವಾಗಿ ಮನೆಯ ಹಿತ್ತಿಲಿನಿಂದಲೇ ನೋಡಬಹುದಾದ ಆಕಾಶಕಾಯ ಚಂದ್ರನೊಂದೇ. 3,474 ಕಿ.ಮೀ. ವ್ಯಾಸದ ಈ ಗೋಳ ಭೂಮಿಯಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದೆ, ಆಕಾಶದಲ್ಲಿ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಬೀದಿದೀಪಗಳ ಬೆಳಕಿನಲ್ಲಿ ನಕ್ಷತ್ರಗಳು ಮುಳುಗಿಹೋದ ಬೆಂಗಳೂರಿನ ಬಡಾವಣೆಯಲ್ಲೂ, ಅಡಿಕೆ ಮರಗಳ ನಡುವೆ ತುಂಡು ಆಕಾಶ ಮಾತ್ರ ಕಾಣುವ ಮಲೆನಾಡಿನ ಅಂಗಳದಲ್ಲೂ ಚಂದ್ರನನ್ನು ನೋಡುವುದಕ್ಕೆ ಅಡ್ಡಿಯಿಲ್ಲ. ನೀಹಾರಿಕೆ, ಗೆಲಾಕ್ಸಿಗಳನ್ನು ನೋಡಲು ಊರಾಚೆಯ ಕತ್ತಲು ಬೇಕು. ಚಂದ್ರನಿಗೆ ಮೋಡಗಳ ನಡುವೆ ಹತ್ತು ನಿಮಿಷದ ಬಿಡುವು ಸಾಕು.

ಚಂದ್ರನ ಮೇಲೆ ಇವತ್ತು ಏನು ಕಾಣುತ್ತದೆ ಎಂಬುದನ್ನು ಪಂಚಾಂಗ ಹೇಳುತ್ತದೆ. ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. ಈ ಎರಡನ್ನೂ ಕೂಡಿಸಿ ಓದಲು ಕಲಿತವರಿಗೆ ಮಳೆಗಾಲದಲ್ಲೂ ಚಂದ್ರ ಪೂರ್ತಿ ಕೈತಪ್ಪುವುದಿಲ್ಲ.

ತಿಥಿಯೇ ನಕ್ಷೆ

ಹೊಸದಾಗಿ ದೂರದರ್ಶಕ ಕೊಂಡವರು ಸಾಮಾನ್ಯವಾಗಿ ಹುಣ್ಣಿಮೆಗೆ ಕಾಯುತ್ತಾರೆ. ಆದರೆ ಚಂದ್ರನ ನೆಲದ ಏರುಪೇರು ಅತಿ ಕಡಿಮೆ ಕಾಣುವುದು ಹುಣ್ಣಿಮೆಯಂದೇ. ಆಗ ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳು ಮರೆಯಾಗುತ್ತವೆ. ಬೆಟ್ಟವೂ ಕುಳಿಯೂ ಎದ್ದು ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಅಂಥ ಓರೆ ಬೆಳಕು ಇರುವುದು ಚಂದ್ರನ ಹಗಲು ಮತ್ತು ಇರುಳು ಸೇರುವ ಗಡಿರೇಖೆಯ ಅಕ್ಕಪಕ್ಕದಲ್ಲಿ. ಶುಕ್ಲ ಪಕ್ಷದಲ್ಲಿ ಈ ಗೆರೆಯ ಮೇಲೆ ಸೂರ್ಯೋದಯ, ಕೃಷ್ಣ ಪಕ್ಷದಲ್ಲಿ ಸೂರ್ಯಾಸ್ತ. ಚಂದ್ರನ ಸಮಭಾಜಕದ ಬಳಿ ಅದು ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಸರಿಯುತ್ತದೆ. ಒಂದೇ ಕುಳಿಯನ್ನು ಒಂದು ಗಂಟೆ ಬಿಟ್ಟು ಮತ್ತೆ ನೋಡಿದರೆ ನೆರಳು ಜರುಗಿರುವುದು ಸಣ್ಣ ದೂರದರ್ಶಕದಲ್ಲೂ ಗೊತ್ತಾಗುತ್ತದೆ.

ಗಡಿರೇಖೆ ಎಲ್ಲಿದೆ ಎಂದು ತಿಳಿಯಲು ವಿಶೇಷ ಸಾಧನವೇನೂ ಬೇಡ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಸೂರ್ಯ ಮತ್ತು ಚಂದ್ರರ ನಡುವಿನ ಕೋನ ಪ್ರತಿ 12 ಡಿಗ್ರಿ ಹೆಚ್ಚಿದಾಗ ಒಂದು ತಿಥಿ ಮುಗಿಯುತ್ತದೆ. ಅದೇ ಅವಧಿಯಲ್ಲಿ ಗಡಿರೇಖೆಯೂ ಚಂದ್ರನ ಮೇಲೆ ಸುಮಾರು 12 ಡಿಗ್ರಿ ಸರಿಯುತ್ತದೆ. ಹಾಗಾಗಿ ಪ್ರತಿ ತಿಥಿಗೂ ಅದರದೇ ಆದ ಭೂಭಾಗವಿದೆ. ಕ್ಯಾಲೆಂಡರಿನಲ್ಲಿ ದಿನಕ್ಕೆ ಬರೆದಿರುವುದು ಸೂರ್ಯೋದಯದ ಹೊತ್ತಿನ ತಿಥಿ. ವೀಕ್ಷಣೆಯ ಹೊತ್ತಿನ ತಿಥಿ ಬೇಕಾದರೆ ಅದು ಮುಗಿಯುವ ಸಮಯವನ್ನೂ ನೋಡಿಕೊಳ್ಳಬೇಕು.

ಶುಕ್ಲ ತದಿಗೆಯ ಸಂಜೆ ತೆಳುವಾದ ಚಂದ್ರನ ಅಂಚಿನಲ್ಲಿ ಕಾಣುವ ಕಪ್ಪು ಅಂಡಾಕೃತಿ ಮಾರೆ ಕ್ರಿಸಿಯಂ. ಅದು 500 ಕಿ.ಮೀ.ಗೂ ಹೆಚ್ಚು ಅಗಲದ ಲಾವಾ ಬಯಲು. ಪಂಚಮಿ, ಷಷ್ಠಿಯ ಹೊತ್ತಿಗೆ ಥಿಯೋಫಿಲಸ್, ಸಿರಿಲಸ್, ಕ್ಯಾಥರಿನಾ ಎಂಬ ಮೂರು ದೊಡ್ಡ ಕುಳಿಗಳ ಸಾಲಿನಲ್ಲಿ ಬೆಳಗಾಗುತ್ತದೆ. ಇವುಗಳಲ್ಲಿ ಥಿಯೋಫಿಲಸ್ ಸುಮಾರು 100 ಕಿ.ಮೀ. ಅಗಲವಿದ್ದು, ನಡುವೆ ಶಿಖರಗಳ ಗುಂಪನ್ನೇ ಹೊಂದಿದೆ. ಅಷ್ಟಮಿಯಂದು, ಅಂದರೆ ಚಂದ್ರ ಅರ್ಧ ಬೆಳಗಿದಾಗ, ಗಡಿರೇಖೆ ಮುಖದ ನಟ್ಟನಡುವೆ ಹಾಯುತ್ತದೆ. ಆ ಹೊತ್ತಿಗೆ ಬ್ಲಾಂಕಿನಸ್, ಲಾ ಕೈಲ್, ಪರ್ಬಾಕ್ ಕುಳಿಗಳ ಅಂಚುಗಳಿಗೆ ಮೊದಲ ಬಿಸಿಲು ತಾಗಿ, ಕತ್ತಲಿನೊಳಗೆ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರ ಹೊಳೆಯುತ್ತದೆ. ಸುಮಾರು ನಾಲ್ಕು ಗಂಟೆ ಕಳೆದರೆ ಸುತ್ತಲಿನ ನೆಲಕ್ಕೂ ಬೆಳಕು ಬಂದು ಆ ಆಕಾರ ಅಳಿಸಿಹೋಗುತ್ತದೆ.

ಅಷ್ಟಮಿ ಕಳೆದು ನವಮಿ ಬರುತ್ತಿದ್ದಂತೆ ಸುಮಾರು 600 ಕಿ.ಮೀ. ಉದ್ದದ ಅಪೆನೈನ್ ಪರ್ವತಶ್ರೇಣಿ ಪೂರ್ತಿ ಬೆಳಕಿಗೆ ಬರುತ್ತದೆ. ನವಮಿಯಂದೇ ದಕ್ಷಿಣಾರ್ಧದಲ್ಲಿ ರೂಪಸ್ ರೆಕ್ಟಾ ಎಂಬ 110 ಕಿ.ಮೀ. ಉದ್ದದ ನೇರ ಅಂಚು ಕಪ್ಪು ಗೆರೆಯಾಗಿ ಕಾಣುತ್ತದೆ. ದಶಮಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿ ತನ್ನ ಒಳಗೋಡೆಯ ಮೆಟ್ಟಿಲುಗಳೊಂದಿಗೆ ಬೆಳಗುತ್ತದೆ. ಏಕಾದಶಿಗೆ ಸೈನಸ್ ಇರಿಡಂ ಎಂಬ ಅರ್ಧವೃತ್ತಾಕಾರದ ಕೊಲ್ಲಿಯ ಸರದಿ. ದ್ವಾದಶಿಯಂದು ಚಂದ್ರನ ಅತಿ ಹೊಳಪಿನ ಕುಳಿಗಳಲ್ಲೊಂದಾದ ಅರಿಸ್ಟಾರ್ಕಸ್ ಕಾಣಸಿಗುತ್ತದೆ. ಅದರ ವಾಯವ್ಯಕ್ಕೆ ಸುಮಾರು 10 ಕಿ.ಮೀ. ಅಗಲದ ಒಂದು ಸಣ್ಣ ಕುಳಿಗೆ ಬೆಂಗಳೂರಿನಲ್ಲಿ ಬಾಳಿ ಸಂಶೋಧನೆ ನಡೆಸಿದ ಸರ್ ಸಿ. ವಿ. ರಾಮನ್ ಅವರ ಹೆಸರಿದೆ. ದ್ವಾದಶಿ ಮುಗಿದು ತ್ರಯೋದಶಿ ಹಿಡಿಯುವ ಹೊತ್ತಿಗೆ ಅದನ್ನು ಹುಡುಕಬೇಕು.

ಈ ತಿಥಿಪಟ್ಟಿ ಕೃಷ್ಣ ಪಕ್ಷಕ್ಕೂ ಹಾಗೆಯೇ ಅನ್ವಯಿಸುತ್ತದೆ. ಶುಕ್ಲ ನವಮಿಯಂದು ಸೂರ್ಯೋದಯ ಕಂಡ ಜಾಗಕ್ಕೆ ಕೃಷ್ಣ ನವಮಿಯಂದು ಸೂರ್ಯಾಸ್ತ. ಬೆಳಕು ಮಾತ್ರ ಎದುರು ದಿಕ್ಕಿನಿಂದ ಬೀಳುತ್ತದೆ. ಶುಕ್ಲ ನವಮಿಯಲ್ಲಿ ಕಪ್ಪು ಗೆರೆಯಾಗಿದ್ದ ರೂಪಸ್ ರೆಕ್ಟಾ ಕೃಷ್ಣ ನವಮಿಯಲ್ಲಿ ಬೆಳ್ಳಗೆ ಹೊಳೆಯುವುದು ಇದೇ ಕಾರಣಕ್ಕೆ. ಆ ಅಂಚು ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು. ಬೆಳಗ್ಗೆ ತನ್ನ ನೆರಳಿನಲ್ಲಿ ತಾನೇ ಅಡಗಿರುತ್ತದೆ, ಸಂಜೆ ಬಿಸಿಲಿಗೆ ಎದುರಾಗಿರುತ್ತದೆ. ಚಂದ್ರ ಭೂಮಿಗೆ ತನ್ನ ಮುಖವನ್ನು ತುಸು ಅತ್ತಿತ್ತ ತಿರುಗಿಸುವುದರಿಂದ ಪಟ್ಟಿಯಲ್ಲಿ ಅರ್ಧ ದಿನದಷ್ಟು ಹಿಂದುಮುಂದಾಗಬಹುದು. ಈ ತೂಗಾಟದಿಂದಾಗಿಯೇ ಕಾಲಕ್ರಮದಲ್ಲಿ ಚಂದ್ರನ ಮೇಲ್ಮೈಯ ಶೇ. 59ರಷ್ಟು ಭಾಗ ಭೂಮಿಗೆ ಕಾಣುತ್ತದೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದಾಗ ಶುಕ್ಲ ಸಪ್ತಮಿ. ಇಳಿದಾಣ ದಕ್ಷಿಣಕ್ಕೆ 69 ಡಿಗ್ರಿಯಲ್ಲಿ, 98 ಕಿ.ಮೀ. ಅಗಲದ ಮ್ಯಾಂಜಿನಸ್ ಕುಳಿಗೆ ಸಮೀಪದಲ್ಲಿದೆ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಸೌರಶಕ್ತಿಯಿಂದ ನಡೆಯುವ ನೌಕೆಗೆ ಸುಮಾರು ಹದಿನಾಲ್ಕು ದಿನಗಳ ಹಗಲು ಸಿಗಲಿ ಎಂದೇ ಆ ಹೊತ್ತನ್ನು ಆರಿಸಿಕೊಂಡಿದ್ದರು. ಭೂಮಿಯ ಯಾವ ದೂರದರ್ಶಕಕ್ಕೂ ನೌಕೆ ಕಾಣುವುದಿಲ್ಲ. ಆದರೆ ಷಷ್ಠಿ, ಸಪ್ತಮಿಯ ಸಂಜೆ ದಕ್ಷಿಣದ ಅಂಚಿನಲ್ಲಿ ಒತ್ತೊತ್ತಾಗಿ ಕಾಣುವ ಕುಳಿಗಳ ನಡುವೆ ಮ್ಯಾಂಜಿನಸ್ ಅನ್ನು ಗುರುತಿಸಿ, ಇಳಿದಾಣ ಎಲ್ಲಿದೆ ಎಂದು ಮನೆಯಂಗಳದಿಂದಲೇ ತೋರಿಸಬಹುದು.

ಶುಭ್ರತೆ ಬೇರೆ, ನಿಶ್ಚಲತೆ ಬೇರೆ

ವೀಕ್ಷಕರು ಆಕಾಶದ ಗುಣವನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಧೂಳು, ಹೊಗೆ, ತೇವ ಎಷ್ಟಿದೆ, ಬೆಳಕು ಎಷ್ಟು ಸೋಸಿಹೋಗುತ್ತದೆ ಎಂಬುದು ಶುಭ್ರತೆ. ಗಾಳಿಯ ಪದರಗಳು ಎಷ್ಟು ಅಲುಗದೆ ನಿಂತಿವೆ ಎಂಬುದು ನಿಶ್ಚಲತೆ. ಬಿಸಿ ಗಾಳಿ ಮತ್ತು ತಂಪು ಗಾಳಿ ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ಅವೆರಡೂ ಬೆರೆಯುತ್ತಿರುವಾಗ ಚಂದ್ರನ ಅಂಚು ಕುದಿಯುವಂತೆ ಅಲೆಯಲೆಯಾಗಿ ಕಾಣುತ್ತದೆ. ದೂರದ ಗೆಲಾಕ್ಸಿಗಳಿಗೆ ಶುಭ್ರತೆ ಮುಖ್ಯವಾದರೆ, ಬೆಳಕಿಗೇನೂ ಕೊರತೆಯಿಲ್ಲದ ಚಂದ್ರನಿಗೆ ನಿಶ್ಚಲತೆಯೇ ಮುಖ್ಯ.

ಇದರಿಂದ ಒಂದು ಉಪಯುಕ್ತ ಮಾತು ಹೊರಡುತ್ತದೆ. ಮಳೆ ಬಂದು ಧೂಳೆಲ್ಲ ತೊಳೆದುಹೋಗಿ ನಕ್ಷತ್ರಗಳು ಥಳಥಳ ಮಿನುಗುವ ರಾತ್ರಿ ಚಂದ್ರನಿಗೆ ಒಳ್ಳೆಯ ರಾತ್ರಿಯಾಗಬೇಕೆಂದಿಲ್ಲ. ಆ ಮಿನುಗೇ ಗಾಳಿ ಕದಡಿದೆ ಎಂಬುದಕ್ಕೆ ಗುರುತು. ಗಾಳಿ ಬೀಸದೆ, ತೆಳುವಾದ ಕಾವಳ ಕವಿದು, ನಕ್ಷತ್ರಗಳು ಮಂಕಾಗಿ ಆದರೆ ಅಲುಗದೆ ಇರುವ ರಾತ್ರಿಯಲ್ಲಿ ಕೋಪರ್ನಿಕಸ್ಸಿನ ಒಳಗೋಡೆ ಕೆತ್ತಿದಷ್ಟು ಸ್ಪಷ್ಟವಾಗಿ ಕಾಣಬಹುದು.

ಗಾಳಿಯ ಪರಿಣಾಮವನ್ನು ಕಿಲೋಮೀಟರಿನಲ್ಲೇ ಹೇಳಬಹುದು. ಒಂದು ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. ಚಂದ್ರನ ದೂರದಲ್ಲಿ ಅದು ಸುಮಾರು 1.9 ಕಿ.ಮೀ. 100 ಮಿ.ಮೀ. ಬಾಯಗಲದ ದೂರದರ್ಶಕ ತಾತ್ತ್ವಿಕವಾಗಿ 2 ಕಿ.ಮೀ.ಗಿಂತ ತುಸು ಹೆಚ್ಚಿನ ಅಂತರವನ್ನು ಬಿಡಿಸಿ ತೋರಿಸಬಲ್ಲದು. ಗಾಳಿ ಬಿಂಬವನ್ನು ನಾಲ್ಕು ಆರ್ಕ್‌ಸೆಕೆಂಡಿನಷ್ಟು ಅಲುಗಾಡಿಸುವ ರಾತ್ರಿ, ಎಷ್ಟೇ ದೊಡ್ಡ ಸಾಧನವಿದ್ದರೂ 7 ಕಿ.ಮೀ.ಗಿಂತ ಚಿಕ್ಕ ವಿವರಗಳು ನಿಂತು ಕಾಣುವುದಿಲ್ಲ. ಇದನ್ನು ಪರೀಕ್ಷಿಸಲು ಪ್ಲೇಟೋ ಕುಳಿ ಹೇಳಿಮಾಡಿಸಿದ ಜಾಗ. ಸುಮಾರು 100 ಕಿ.ಮೀ. ಅಗಲದ ಅದರ ನಯವಾದ ಕಪ್ಪು ತಳದಲ್ಲಿ 2 ಕಿ.ಮೀ. ಆಸುಪಾಸಿನ ಕೆಲವು ಕಿರುಕುಳಿಗಳಿವೆ. ಮಧ್ಯಮ ಗಾತ್ರದ ದೂರದರ್ಶಕದಲ್ಲಿ ಅವು ಕಂಡರೆ ಗಾಳಿ ಅಪರೂಪಕ್ಕೆ ಶಾಂತವಾಗಿದೆ ಎಂದರ್ಥ.

ನಿಶ್ಚಲತೆಯನ್ನು ದಾಖಲಿಸಲು ಎರಡು ಅಳತೆಪಟ್ಟಿಗಳು ಬಳಕೆಯಲ್ಲಿವೆ. ಅಮೆರಿಕದ ವಿಲಿಯಂ ಪಿಕರಿಂಗ್ ರೂಪಿಸಿದ್ದು 1ರಿಂದ 10ರವರೆಗೆ ಏರುವ ಪಟ್ಟಿ. ಯೂಜೀನ್ ಆಂಟೋನಿಯಾಡಿಯ ಐದು ಹಂತದ ಪಟ್ಟಿಯಲ್ಲಿ ಒಂದನೆಯದು ಅತ್ಯುತ್ತಮ, ಐದನೆಯದು ಅತಿ ಕಳಪೆ. ಚಂದ್ರ ಮತ್ತು ಗ್ರಹಗಳ ವೀಕ್ಷಕರಿಗೆ ಎರಡನೆಯದು ಸುಲಭ.

ಮನೆಯೂ ಗಾಳಿಯನ್ನು ಕದಡುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಬಹಳ ಹೊತ್ತು ಶಾಖ ಬಿಡುತ್ತಲೇ ಇರುತ್ತದೆ. ಪಕ್ಕದ ಮನೆಯ ಛಾವಣಿಯ ಮೇಲೆ ಹಾದುಬರುವ ಚಂದ್ರನ ಬಿಂಬವೂ ಅದೇ ಕಾರಣಕ್ಕೆ ನಡುಗುತ್ತದೆ. ಹುಲ್ಲು, ಗಿಡ, ಒದ್ದೆ ಮಣ್ಣಿರುವ ಹಿತ್ತಿಲು ಬೇಗ ತಣಿಯುತ್ತದೆ. ಮರಗಳು ಅಡ್ಡ ಬಂದರೂ ಗಾಳಿಯ ದೃಷ್ಟಿಯಿಂದ ಅದೇ ವಾಸಿ. ಕೋಣೆಯಲ್ಲಿದ್ದ ದೂರದರ್ಶಕವನ್ನು ವೀಕ್ಷಣೆಗೆ ಅರ್ಧ ಗಂಟೆ ಮೊದಲೇ ಹೊರಗಿಟ್ಟು ಹೊರಗಿನ ತಾಪಕ್ಕೆ ಒಗ್ಗಿಸಬೇಕು. ಚಂದ್ರ ದಿಗಂತದ ಬಳಿ ಇರುವಾಗ ಅದರ ಬೆಳಕು ಗಾಳಿಯ ದಪ್ಪ ಪದರವನ್ನು ಹಾದುಬರುತ್ತದೆ. ಆದ್ದರಿಂದ ಅದು 30 ಡಿಗ್ರಿಗಿಂತ ಮೇಲೇರುವವರೆಗೆ ಹೆಚ್ಚಿನ ವರ್ಧನೆ ಬಳಸುವುದರಲ್ಲಿ ಪ್ರಯೋಜನವಿಲ್ಲ.

ಕರ್ನಾಟಕದ ವರ್ಷಚಕ್ರ

ಅಕ್ಷಾಂಶದ ದೃಷ್ಟಿಯಿಂದ ಕರ್ನಾಟಕ ಚಂದ್ರವೀಕ್ಷಣೆಗೆ ಭಾಗ್ಯವಂತ ನಾಡು. ಉತ್ತರ ಯುರೋಪಿನ ಊರುಗಳಲ್ಲಿ ಜೂನ್ ತಿಂಗಳ ಹುಣ್ಣಿಮೆ ಚಂದ್ರ ದಿಗಂತವನ್ನು ಸವರಿಕೊಂಡೇ ಮುಳುಗುತ್ತದೆ. ಬೆಂಗಳೂರಿನಲ್ಲಿ ಅದು ಆ ತಿಂಗಳಲ್ಲೂ 50 ಡಿಗ್ರಿಯ ಆಸುಪಾಸಿನವರೆಗೆ ಏರುತ್ತದೆ. ಡಿಸೆಂಬರಿನಲ್ಲಿ ನೆತ್ತಿಯ ಹತ್ತಿರಕ್ಕೇ ಬರುತ್ತದೆ. ಹೀಗಾಗಿ ಇಲ್ಲಿ ವರ್ಷದ ಲಾಭನಷ್ಟವನ್ನು ನಿರ್ಧರಿಸುವುದು ಬಹುಮಟ್ಟಿಗೆ ಹವಾಮಾನವೇ.

ಡಿಸೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳು ಸುಗ್ಗಿಯ ಕಾಲ. ಒಳನಾಡಿನಲ್ಲಿ ಮೋಡ ಕಡಿಮೆ, ರಾತ್ರಿ ದೀರ್ಘ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಹರಿಯುವ ಪ್ರಬಲ ಪಶ್ಚಿಮ ಜೆಟ್ ಗಾಳಿಯಿಂದ ದಕ್ಷಿಣದ ಊರುಗಳು ದೂರವಿರುವುದರಿಂದ ಬಿಂಬ ಹೆಚ್ಚಾಗಿ ನಿಶ್ಚಲವಾಗಿರುತ್ತದೆ. ಈ ಕಾಲದ ತೊಂದರೆ ಇಬ್ಬನಿ ಮತ್ತು ಮಂಜು. ಮಧ್ಯರಾತ್ರಿ ಕಳೆದಂತೆ ಮಸೂರದ ಮೇಲೆ ತೇವ ಕೂರುತ್ತದೆ. ಬೆಳಗಿನ ಜಾವ ಬಯಲುಸೀಮೆಯ ಕೆರೆಗಳ ಸುತ್ತ, ಮಲೆನಾಡಿನ ಕಣಿವೆಗಳಲ್ಲಿ ಮಂಜು ದಟ್ಟೈಸುತ್ತದೆ. ಸಂಜೆಯ ಶುಕ್ಲ ಪಕ್ಷದ ಚಂದ್ರನಿಗೆ ಈ ಅಡ್ಡಿಗಳಿಲ್ಲ.

ಮಾರ್ಚ್ ತಿಂಗಳ ಅಷ್ಟಮಿಯ ಚಂದ್ರ ಸಂಜೆ ಕತ್ತಲಾಗುವ ಹೊತ್ತಿಗೆ ನೆತ್ತಿಯ ಬಳಿಯೇ ಇರುತ್ತದೆ. ಅರ್ಧಚಂದ್ರನನ್ನು ನೋಡಲು ಇದು ಬಹಳ ಒಳ್ಳೆಯ ಎತ್ತರ. ಯುಗಾದಿಯ ಮರುದಿನ ಬಿದಿಗೆ ಚಂದ್ರನ ದರ್ಶನ ಮಾಡುವ ರೂಢಿಯೂ ಇದೇ ಋತುವಿನದು. ಆಗ ಸೂರ್ಯಪಥ ದಿಗಂತಕ್ಕೆ ಬಹುತೇಕ ಲಂಬವಾಗಿರುವುದರಿಂದ ತೆಳು ಚಂದ್ರ ಸೂರ್ಯ ಮುಳುಗಿದ ಜಾಗದ ನೇರ ಮೇಲೆ, ಎರಡೂ ಕೋಡುಗಳನ್ನು ಆಕಾಶಕ್ಕೆ ಚಾಚಿ ನಿಂತಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ, ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಲೆಕ್ಕ ಬದಲಾಗುತ್ತದೆ. ಹಗಲಿನ ಕಾವಿಗೆ ಮೇಲೆದ್ದ ಗಾಳಿ ಸಂಜೆಗೆ ಗುಡುಗು ಮೋಡಗಳಾಗಿ ಬೆಳೆಯುತ್ತದೆ. ರಾತ್ರಿ ನೆಲ ತಣಿದಂತೆ ಆ ಮೋಡಗಳು ಕುಸಿದು, ಬೆಳಗಿನ ಜಾವಕ್ಕೆ ಆಕಾಶ ಬಹುತೇಕ ತೆರೆದಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೃಷ್ಣ ಪಕ್ಷದ ಚಂದ್ರನನ್ನು, ಸೂರ್ಯೋದಯಕ್ಕೆ ಎರಡು ಗಂಟೆ ಮೊದಲು ಎದ್ದು ನೋಡುವುದು ಲಾಭ. ಆ ಹೊತ್ತಿಗೆ ತಾರಸಿಯೂ ತಣಿದಿರುತ್ತದೆ.

ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಗೆ ಬಂದ ಮೇಲೆ ಇಡೀ ರಾಜ್ಯಕ್ಕೆ ಒಂದೇ ನಿಯಮವಿಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಆರಿದ್ರಾ ಮಳೆಯಿಂದ ಆಶ್ಲೇಷ ಮಳೆಯವರೆಗೆ ಚಂದ್ರದರ್ಶನವೇ ಅಪರೂಪ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ, ವರ್ಷಕ್ಕೆ 500 ಮಿ.ಮೀ.ಗೂ ಕಡಿಮೆ ಮಳೆಯ ಚಳ್ಳಕೆರೆಯಲ್ಲಿ ಅದೇ ದಿನಗಳಲ್ಲಿ ಮೋಡಗಳು ಸುರಿಯದೆ ಓಡುತ್ತಿರುತ್ತವೆ. ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಬೀಸುವ ಬಲವಾದ ಪಶ್ಚಿಮ ಗಾಳಿ ಅವುಗಳನ್ನು ತಳ್ಳುತ್ತದೆ. ಹದಿನಾಲ್ಕು, ಹದಿನೈದು ಕಿ.ಮೀ. ಎತ್ತರದಲ್ಲಿ ಪೂರ್ವದ ಜೆಟ್ ಗಾಳಿ ಎದುರು ದಿಕ್ಕಿಗೆ ಹರಿಯುತ್ತದೆ. ಈ ಮೇಲುಗಾಳಿಯನ್ನು 1950ರ ದಶಕದಲ್ಲಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಹೀಗೆ ಮೇಲೂ ಕೆಳಗೂ ಗಾಳಿ ಓಡುವಾಗ ಮೋಡದ ಕಿಂಡಿಯಲ್ಲಿ ಸಿಗುವ ಚಂದ್ರ ಸಾಮಾನ್ಯವಾಗಿ ನಡುಗುತ್ತಿರುತ್ತದೆ.

ಆದ್ದರಿಂದ ಮುಂಗಾರಿನಲ್ಲಿ ಹೆಚ್ಚಿನ ವರ್ಧನೆ ಬಿಟ್ಟು ಬೈನಾಕ್ಯುಲರ್ ಹಿಡಿಯುವುದು ಜಾಣತನ. 7×50 ಅಥವಾ 10×50 ಬೈನಾಕ್ಯುಲರನ್ನು ಬಾಗಿಲ ಬಳಿ ಸಿದ್ಧವಾಗಿಟ್ಟರೆ ಹತ್ತು ನಿಮಿಷದ ಬಿಡುವೂ ವ್ಯರ್ಥವಾಗದು. ದೂರದರ್ಶಕ ಜೋಡಿಸುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಭಾರತೀಯ ಹವಾಮಾನ ಇಲಾಖೆ ಪ್ರಕಟಿಸುವ ಇನ್ಸಾಟ್ ಉಪಗ್ರಹದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಮೋಡಗಳ ನಡುವಿನ ತೆರಪು ಯಾವ ಕಡೆ ಸರಿಯುತ್ತಿದೆ ಎಂದು ಅಂದಾಜಿಸಬಹುದು. ಹಗಲಿನ ಚಂದ್ರನನ್ನೂ ಮರೆಯಬಾರದು. ಶುಕ್ಲ ಅಷ್ಟಮಿಯ ಚಂದ್ರ ನಡುಹಗಲಿಗೇ ಮೂಡುವುದರಿಂದ ಸಂಜೆ ನಾಲ್ಕು, ಐದು ಗಂಟೆಗೆ ಪೂರ್ವ, ಆಗ್ನೇಯದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಸೂರ್ಯ ಆಕಾಶದಲ್ಲಿರುವಾಗ ದೂರದರ್ಶಕವಾಗಲಿ ಬೈನಾಕ್ಯುಲರ್ ಆಗಲಿ ಅಪ್ಪಿತಪ್ಪಿಯೂ ಅದರ ಕಡೆ ತಿರುಗಬಾರದು. ಒಂದು ಕ್ಷಣ ಸಾಕು, ಕಣ್ಣು ಶಾಶ್ವತವಾಗಿ ಹೋಗುತ್ತದೆ. ಮಕ್ಕಳನ್ನು ಹಗಲಿನ ವೀಕ್ಷಣೆಗೆ ಒಂಟಿಯಾಗಿ ಬಿಡಬಾರದು.

ಅಕ್ಟೋಬರಿನಲ್ಲಿ ಮುಂಗಾರು ಹಿಂದೆಗೆದ ಮೇಲೆ ಆಕಾಶ ತೊಳೆದಂತೆ ಇರುತ್ತದೆ. ಚಿತ್ತಾ, ಸ್ವಾತಿ ಮಳೆಗಳ ನಡುವೆ ಸಿಗುವ ರಾತ್ರಿಗಳು ಉತ್ತರ ಕರ್ನಾಟಕದಲ್ಲಿ ಬಹಳ ಚೆನ್ನ. ದಕ್ಷಿಣ ಒಳನಾಡಿಗೆ ಮಾತ್ರ ಹಿಂಗಾರು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಡಿಸೆಂಬರ್ ಆರಂಭದವರೆಗೂ ಆಗಾಗ ಮೋಡ ತರುತ್ತವೆ.

ಮೋಡ ತೋರುವ ನೋಟಗಳು

ಮೋಡ ಬಂದಾಗ ಚಂದ್ರನ ಕುಳಿಗಳು ಮರೆಯಾಗಬಹುದು, ವೀಕ್ಷಣೆ ನಿಲ್ಲಬೇಕಿಲ್ಲ. ಆಗ ಚಂದ್ರನ ಬೆಳಕಿನಲ್ಲಿ ಭೂಮಿಯ ವಾತಾವರಣವನ್ನೇ ನೋಡಬಹುದು.

ಹಿಂಜಿದ ಅರಳೆಯಂತೆ ಎತ್ತರದಲ್ಲಿ ಹರಡಿದ ತೆಳು ಮೋಡದಲ್ಲಿರುವುದು ನೀರಲ್ಲ, ಆರು ಮೂಲೆಯ ಮಂಜುಗಡ್ಡೆಯ ಹರಳುಗಳು. ಅವುಗಳ ಮೂಲಕ ಹಾಯುವ ಬೆಳಕು ಕನಿಷ್ಠ 22 ಡಿಗ್ರಿಯಷ್ಟು ಬಾಗುವುದರಿಂದ ಚಂದ್ರನ ಸುತ್ತ ಅಷ್ಟೇ ದೂರದಲ್ಲಿ ದೊಡ್ಡ ಬಳೆ ಮೂಡುತ್ತದೆ. ಹಳ್ಳಿಗಳಲ್ಲಿ ಇದಕ್ಕೆ ಚಂದ್ರ ಗುಡಿ ಕಟ್ಟಿದ್ದಾನೆ ಎನ್ನುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಇದರ ಹೆಸರು ಪರಿವೇಷ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪರಿವೇಷ ಲಕ್ಷಣಗಳಿಗೇ ಒಂದು ಅಧ್ಯಾಯ ಮೀಸಲಾಗಿದೆ. ಕೈಯನ್ನು ಪೂರ್ತಿ ಚಾಚಿ ಬೆರಳುಗಳನ್ನು ಅಗಲಿಸಿದರೆ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಸುಮಾರು 20 ಡಿಗ್ರಿ. ಗುಡಿಯ ತ್ರಿಜ್ಯವನ್ನು ಹೀಗೆ ಗೇಣಿನಿಂದಲೇ ಅಳೆಯಬಹುದು.

ಚಂದ್ರನಿಗೆ ಅಂಟಿಕೊಂಡಂತೆ ಕಾಣುವ, ನಡುವೆ ನೀಲಿ ಬಿಳುಪು, ಅಂಚಿನಲ್ಲಿ ಕೆಂಗಂದು ಬಣ್ಣದ ಸಣ್ಣ ಬಳೆ ಇದಕ್ಕಿಂತ ಬೇರೆ. ಅದು ಕೆಳಮಟ್ಟದ ಮೋಡದ ನೀರಿನ ಹನಿಗಳ ಸುತ್ತ ಬೆಳಕು ಬಳಸಿಹೋಗುವುದರಿಂದ ಉಂಟಾದದ್ದು. ಹನಿ ಸಣ್ಣದಾದಷ್ಟೂ ಬಳೆ ದೊಡ್ಡದು. ದೂರದ ಬಳೆ ಕಂಡರೆ ಮಳೆ ಹತ್ತಿರ ಎಂಬ ಜನರ ನಂಬಿಕೆಗೆ ಸ್ವಲ್ಪ ಆಧಾರವಿದೆ: ಎತ್ತರದ ಹರಳುಮೋಡ ಅನೇಕ ವೇಳೆ ವಾಯುಭಾರ ಕುಸಿತದ ಮುಂಚೂಣಿಯಲ್ಲಿ ಹರಡಿರುತ್ತದೆ. ಆದರೆ ದೂರದಲ್ಲೆಲ್ಲೋ ಸುರಿದು ಮುಗಿದ ಗುಡುಗು ಮೋಡದ ನೆತ್ತಿ ಹರಡಿದಾಗಲೂ ಗುಡಿ ಕಟ್ಟುತ್ತದೆ. ಗುಡಿ ಕಟ್ಟಿದ ದಿನಗಳನ್ನೂ ಅನಂತರದ ಮಳೆಯನ್ನೂ ಒಂದೆರಡು ವರ್ಷ ಬರೆದಿಟ್ಟರೆ ತಮ್ಮ ಊರಿಗೆ ಆ ಮಾತು ಎಷ್ಟು ಸಲ್ಲುತ್ತದೆ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರ ಒಂದು ದಿಕ್ಕಿನಲ್ಲಿ ಕೆಳಗಿದ್ದು, ಎದುರು ದಿಕ್ಕಿನಲ್ಲಿ ಮಳೆ ಬೀಳುತ್ತಿದ್ದರೆ ಬೆಳ್ಳಗಿನ ಚಂದ್ರಬಿಲ್ಲೂ ಕಾಣಬಹುದು. ಅದರಲ್ಲಿ ಬಣ್ಣಗಳಿದ್ದರೂ ಮಂದ ಬೆಳಕಿನಲ್ಲಿ ಕಣ್ಣಿಗೆ ತೋರುವುದಿಲ್ಲ, ಕ್ಯಾಮೆರಾಕ್ಕೆ ಸಿಗುತ್ತವೆ.

ಬಿದಿಗೆ, ತದಿಗೆಯ ಚಂದ್ರನಲ್ಲಿ ಬೆಳಗದ ಭಾಗವೂ ಮಂಕಾಗಿ ಕಾಣುತ್ತದೆ. ಅದು ಭೂಮಿಯಿಂದ ಪ್ರತಿಫಲಿಸಿ ಹೋದ ಬಿಸಿಲು ಎಂದು ಹದಿನಾರನೆಯ ಶತಮಾನದ ಆರಂಭದಲ್ಲೇ ಲಿಯೊನಾರ್ಡೊ ಡ ವಿಂಚಿ ಸರಿಯಾಗಿ ಊಹಿಸಿದ್ದ. ಭೂಮಿ ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಶೇ. 30ರಷ್ಟನ್ನು ಹಿಂದಿರುಗಿಸುತ್ತದೆ, ಅದರಲ್ಲಿ ಮೋಡಗಳ ಪಾಲು ದೊಡ್ಡದು. ಕರ್ನಾಟಕದ ಸಂಜೆಯ ಚಂದ್ರನ ಮೇಲೆ ಬೀಳುವುದು ಆಫ್ರಿಕಾ, ಯುರೋಪ್, ಅಟ್ಲಾಂಟಿಕ್ ಕಡೆಯ ಹಗಲಿನ ಬೆಳಕು. ಬೆಳಗಿನ ಜಾವದ ಚಂದ್ರನ ಮೇಲೆ ಪೆಸಿಫಿಕ್, ಆಸ್ಟ್ರೇಲಿಯಾ, ಪೂರ್ವ ಏಷ್ಯಾಗಳದ್ದು. ಆ ಪ್ರದೇಶಗಳ ಮೇಲಿನ ಮೋಡ ಹೆಚ್ಚು ಕಡಿಮೆಯಾದಂತೆ ಈ ಮಂದಕಾಂತಿಯೂ ಬದಲಾಗುತ್ತದೆ. ಅಮೆರಿಕದ ಬಿಗ್ ಬೇರ್ ವೀಕ್ಷಣಾಲಯದಲ್ಲಿ 1998ರಿಂದ 2017ರವರೆಗೆ ಇದನ್ನೇ ಅಳೆದು, ಭೂಮಿಯ ಹೊಳಪು ಸ್ವಲ್ಪ ಕುಂದಿದೆ ಎಂದು ಕಂಡುಕೊಂಡಿದ್ದಾರೆ.

ಪೂರ್ಣ ಚಂದ್ರಗ್ರಹಣದ ಕೆಂಪು ಕೂಡ ವಾತಾವರಣದ ಕೊಡುಗೆ. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ, ನೀಲಿ ಚದುರಿ, ಉಳಿದ ಬೆಳಕು ಚಂದ್ರನನ್ನು ತಲುಪುತ್ತದೆ. ಅದರ ಗಾಢತೆಯನ್ನು ಫ್ರಾನ್ಸಿನ ಆಂಡ್ರೆ ಡಾಂಜೋನ್ ರೂಪಿಸಿದ 0ಯಿಂದ 4ರವರೆಗಿನ ಪಟ್ಟಿಯಿಂದ ಬರಿಗಣ್ಣಿನಲ್ಲೇ ಗುರುತಿಸಬಹುದು. ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ 1991ರಲ್ಲಿ ಸಿಡಿದ ಮೇಲೆ, 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ಬಹಳ ಕಪ್ಪಾಗಿತ್ತು. 2018ರ ಜುಲೈ 27ರ, 103 ನಿಮಿಷ ಪೂರ್ಣವಾಗಿದ್ದ ಗ್ರಹಣವೂ 2025ರ ಸೆಪ್ಟೆಂಬರ್ 7ರ ಗ್ರಹಣವೂ ಮಳೆಗಾಲದಲ್ಲೇ ಬಂದವು. 2028ರ ಡಿಸೆಂಬರ್ 31ರ ರಾತ್ರಿ ಭಾರತಕ್ಕೆ ಕಾಣುವ ಪೂರ್ಣ ಗ್ರಹಣ ಚಳಿಗಾಲದ್ದು. ಚಂದ್ರ ಆಕಾಶದಲ್ಲಿ ಎತ್ತರದಲ್ಲಿರುವಾಗಲೇ ಅದು ನಡೆಯುತ್ತದೆ.

ಸಾಧನ ಮತ್ತು ಜೋಪಾನ

ಆರಂಭಕ್ಕೆ ಬರಿಗಣ್ಣು, ಆಮೇಲೆ ಬೈನಾಕ್ಯುಲರ್, ಅನಂತರ 70ರಿಂದ 150 ಮಿ.ಮೀ. ಬಾಯಗಲದ ದೂರದರ್ಶಕ, ಇದು ಸರಿಯಾದ ಕ್ರಮ. ಚಂದ್ರನಿಗೆ 50ರಿಂದ 100 ಪಟ್ಟು ವರ್ಧನೆ ಬಹುತೇಕ ರಾತ್ರಿಗಳಿಗೆ ಸಾಕು. 150ಕ್ಕಿಂತ ಮೇಲೆ ಹೋಗಲು ಗಾಳಿ ಅನುಮತಿಸಬೇಕು. ಚಂದ್ರನ ತೀಕ್ಷ್ಣ ಬೆಳಕಿನಿಂದ ಕಣ್ಣಿಗೆ ಅಪಾಯವಿಲ್ಲ, ಆದರೆ ಕಣ್ಣು ಕೋರೈಸುತ್ತದೆ. ಹೊರಗೆ ಒಂದು ಸಾಧಾರಣ ದೀಪ ಉರಿಯುತ್ತಿದ್ದರೆ ಅಥವಾ ಕಣ್ಣುಮಸೂರಕ್ಕೆ ಚಂದ್ರನ ಬೆಳಕು ತಗ್ಗಿಸುವ ಗಾಜು ಹಾಕಿದರೆ ನೋಟ ಹಿತವಾಗುತ್ತದೆ. ಗಾಳಿ ಬೀಸುವ ರಾತ್ರಿ ಟ್ರೈಪಾಡಿನ ನಡುವೆ ಮರಳಿನ ಚೀಲ ತೂಗುಬಿಟ್ಟರೆ ಅಲುಗಾಟ ಕಡಿಮೆಯಾಗುತ್ತದೆ.

ಕರಾವಳಿ, ಮಲೆನಾಡುಗಳಲ್ಲಿ ಸಾಧನದ ದೊಡ್ಡ ಶತ್ರು ಬೂಷ್ಟು. ತೇವ ಆರದ ಮಸೂರಕ್ಕೆ ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಟ್ಟರೆ ಒಂದೇ ಮಳೆಗಾಲದಲ್ಲಿ ಗಾಜಿನ ಮೇಲೆ ಬಲೆ ಹರಡಬಹುದು. ವೀಕ್ಷಣೆ ಮುಗಿದ ಮೇಲೆ ಒಳಗೆ ತಂದು, ಮುಚ್ಚಳ ತೆಗೆದೇ ಇಟ್ಟು, ತೇವ ತಾನಾಗಿ ಆರಿದ ಮೇಲೆ ಸಿಲಿಕಾ ಜೆಲ್ ಚೀಲಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಇಬ್ಬನಿಯನ್ನು ಬಟ್ಟೆಯಿಂದ ಒರೆಸಿದರೆ ಲೇಪನ ಗೀರುತ್ತದೆ. ಬದಲಿಗೆ ಕೊಳವೆಯ ಮುಂದೆ ಕಪ್ಪು ರಟ್ಟನ್ನು ಸುತ್ತಿ, ಬಾಯಗಲದ ಎರಡರಷ್ಟು ಉದ್ದ ಮುಂಚಾಚಿದರೆ ಇಬ್ಬನಿ ಕೂರುವುದೇ ತಡವಾಗುತ್ತದೆ.

ಬರೆದಿಡುವ ಅಭ್ಯಾಸ

ನೋಡಿದ್ದನ್ನು ಬರೆದಿಟ್ಟಾಗಲೇ ನೋಟ ವೀಕ್ಷಣೆಯಾಗುತ್ತದೆ. ದಿನಾಂಕ, ಹೊತ್ತು, ತಿಥಿ, ಸಾಧನ, ವರ್ಧನೆ, ನಿಶ್ಚಲತೆಯ ಅಂಕ, ಮೋಡದ ಬಗೆ, ಗಾಳಿಯ ದಿಕ್ಕು, ಇಷ್ಟು ಪ್ರತಿ ಪುಟದಲ್ಲೂ ಇರಬೇಕು. ಜೊತೆಗೆ ಒಂದು ಕುಳಿಯ ರೇಖಾಚಿತ್ರ. ಚಿತ್ರ ಬರೆಯಲು ಕಲಾವಿದರೇ ಆಗಬೇಕಿಲ್ಲ. ಮೊದಲು ಕುಳಿಯ ಅಂಚು, ಆಮೇಲೆ ನೆರಳಿನ ಎಲ್ಲೆ, ಕೊನೆಗೆ ನಡುವಿನ ಛಾಯೆಗಳು, ಈ ಕ್ರಮದಲ್ಲಿ ಅರ್ಧ ಗಂಟೆಯೊಳಗೆ ಮುಗಿಸಬೇಕು. ಅದಕ್ಕಿಂತ ತಡವಾದರೆ ನೆರಳು ಜರುಗಿರುತ್ತದೆ. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್, ಅದೇ ವರ್ಷದ ಕೊನೆಯಲ್ಲಿ ಗೆಲಿಲಿಯೊ ದೂರದರ್ಶಕದಿಂದ ಚಂದ್ರನ ಚಿತ್ರ ಬರೆದರು. ನೆರಳುಗಳನ್ನು ಗಮನಿಸಿ ಬರೆದ ಗೆಲಿಲಿಯೊಗೆ ಚಂದ್ರನಲ್ಲಿ ಬೆಟ್ಟಗಳಿವೆ ಎಂಬುದು ಖಚಿತವಾಯಿತು. ಅವುಗಳ ಎತ್ತರವನ್ನೂ ಅವನು ಲೆಕ್ಕ ಹಾಕಿದ.

ಮೊಬೈಲ್ ಇರುವವರು ಅದನ್ನು ಹಿಡಿಕೆಯಿಂದ ಕಣ್ಣುಮಸೂರಕ್ಕೆ ಬಿಗಿದು, ಒಂದೇ ಫೋಟೊ ಬದಲು ಒಂದೆರಡು ನಿಮಿಷದ ವಿಡಿಯೊ ತೆಗೆಯುವುದು ಮೇಲು. ಗಾಳಿ ಕ್ಷಣಕಾಲ ಶಾಂತವಾದಾಗಿನ ಚೌಕಟ್ಟುಗಳನ್ನು ಮಾತ್ರ ಆಯ್ದು ಒಂದರ ಮೇಲೊಂದು ಪೇರಿಸುವ ಆಟೊಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ನಡುಗುವ ರಾತ್ರಿಯಿಂದಲೂ ಸ್ಪಷ್ಟವಾದ ಚಿತ್ರ ಪಡೆಯುವ ದಾರಿ ಇದು.

ಮೋಡದಿಂದ ತಪ್ಪಿಹೋದದ್ದು ಯಾವಾಗ ಮರಳುತ್ತದೆ ಎಂಬುದನ್ನೂ ಪುಸ್ತಕದಲ್ಲಿ ಮುಂಚಿತವಾಗಿ ಗುರುತಿಸಬಹುದು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಆ ಅರ್ಧ ದಿನದ ಬಾಕಿಯಿಂದಾಗಿ, ಈ ತಿಂಗಳು ರಾತ್ರಿ ಎಂಟಕ್ಕೆ ಕಾಣಬೇಕಿದ್ದ ನೆರಳಿನ ನೋಟ ಮುಂದಿನ ತಿಂಗಳು ಬೆಳಗ್ಗೆ ಎಂಟೂಮುಕ್ಕಾಲರ ಸುಮಾರಿಗೆ, ಚಂದ್ರ ನಮ್ಮ ಆಕಾಶದಲ್ಲೇ ಇಲ್ಲದಾಗ, ಬರಬಹುದು. ಎರಡು ಚಾಂದ್ರಮಾಸ ಸೇರಿದರೆ 59.06 ದಿನ; ಆಗ ಅದೇ ನೋಟ ಅದೇ ಊರಿಗೆ ಹಿಂದಿನ ಹೊತ್ತಿಗಿಂತ ಸುಮಾರು ಒಂದೂವರೆ ಗಂಟೆ ತಡವಾಗಿ ಮರಳುತ್ತದೆ. ಜುಲೈಯಲ್ಲಿ ತಪ್ಪಿದ್ದಕ್ಕೆ ಸೆಪ್ಟೆಂಬರಿನಲ್ಲಿ, ಸೆಪ್ಟೆಂಬರಿನಲ್ಲೂ ತಪ್ಪಿದರೆ ನವೆಂಬರಿನಲ್ಲಿ ಅವಕಾಶವಿದೆ. ಚಂದ್ರನ ಪಥದ ಏರುಪೇರಿನಿಂದ ಕೆಲವು ಗಂಟೆಗಳ ವ್ಯತ್ಯಾಸ ಆಗುವುದುಂಟು. ಆದ್ದರಿಂದ ಆ ದಿನದ ತಿಥಿಯ ಸಮಯವನ್ನು ಪಂಚಾಂಗದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.